ಅಟ್ಟದ ಮ್ಯಾಲಿನ 486ರಾಗ 8 ವರ್ಷದ ಮಗಳಿಗೆ ಬೇಸಿಕ್ ಕಲಸಾಕತ್ತೇನಿ, ಹುಚ್ಚು ಅಂತೀರೇನ್ರಿ?

ಶಹಾಪುರದಾಂವ (ಬೆಳಗಾವಿ)
ನಮಸ್ಕಾರ್ರಿ ಎಲ್ಲಾರಿಗೂ. ದೀಪಾವಳಿಗೆ ಮನಿ ಸ್ವಚ್ಛ ಮಾಡೂಮುಂದ ಅಟ್ಟದಿಂದ ನಮ್ಮ ಕಾಕಾರ 486 (486 ಅನ್ನೋ ಚಿಪ್ಪಿನ ಹಳೇ ಕಂಪ್ಯೂಟರ್) ಇಳಿಸೀನಿ. 1994ರಾಗ ಅಸೆಂಬಲ್ ಮಾಡಿಸಿದ್ದು, ಸೀರಿ ಅಂಗಡಿ ಲೆಕ್ಕಕ್ಕಂತ. ಕಾಕಾ ಮಧ್ಯಾಹ್ನ ಉಣ್ಣಾಕ ಹೋದ ಕೂಡ್ಲೇ ನಾ ಅದರಾಗ ಹಾವಿನ ಆಟ ಆಡ್ತಿದ್ದೆ. ಅವ್ರು ಬರೂದ್ರಾಗ ಬಂದ್ ಮಾಡ್ತಿದ್ದೆ ಖರೆ, ಆದ್ರ ಬಂದವ್ರ ಮಾನಿಟರ್ ಮ್ಯಾಲ ಕೈ ಇಟ್ಟು ನೋಡ್ತಿದ್ರು. ಬಿಸಿ ಇದ್ರ ನನ್ನ ಕಿವಿನೂ ಬಿಸಿ ಆಗ್ತಿತ್ತು.

ಗೋಣಿಚೀಲ ಹೊಚ್ಚಿಟ್ಟಿದ್ರು, ಇಲಿ ಹೊಕ್ಕಿಲ್ಲ. ನಿನ್ನೆ ಹಚ್ಚಿದೆ, ಹತ್ತಿಬಿಡ್ತು! ಒಂದ ತ್ರಾಸು, ಪ್ರತಿ ಸಲ ಹಚ್ಚಿದಾಗೂ ತನ್ನ ಹಾರ್ಡ್ ಡಿಸ್ಕ್ ಯಾವ್ದು ಅನ್ನೂದನ್ನ ಮರೀತೈತಿ. ಸೆಟಪ್ಪಿನ್ಯಾಗ ಹೋಗಿ ಸಿಲಿಂಡರ್ ಎಷ್ಟು, ಹೆಡ್ ಎಷ್ಟು, ಸೆಕ್ಟರ್ ಎಷ್ಟು ಅಂತ ಡಿಸ್ಕಿನ ಮ್ಯಾಲಿನ ಚೀಟಿ ನೋಡಿ ತುಂಬಬೇಕು. ತಾರೀಖು ಕೇಳಿದ್ರ 1-1-1980 ಅಂತೈತಿ.

ಮಗಳು ಬಾಜೂಕ ನಿಂತು ನೋಡಾಕತ್ತಿದ್ಲು. ಕರಿ ಪರದೆ, ಸಿ ಅನ್ನೋ ಒಂದು ಅಕ್ಷರ, ಮಿಣಮಿಣ ಅನ್ನೋ ಒಂದು ಗೀಟು. "ಪಪ್ಪಾ, ಇದು ಏನೂ ಮಾಡವಲ್ದು" ಅಂದ್ಲು. ನೀ ಹೇಳೂತನಕ ಮಾಡಂಗಿಲ್ಲವಾ ಅಂದೆ. ಕ್ಯೂಬೇಸಿಕ್ (ಬೇಸಿಕ್ ಅನ್ನೋ ಸರಳ ಕಂಪ್ಯೂಟರ್ ಭಾಷಾ ಬರಿಯೂ ತಂತ್ರಾಂಶ) ತಗದು ಇಂಗ್ಲಿಷ್ ಅಕ್ಷರದಾಗ ಎರಡು ಸಾಲು ಬರಸಿದೆ:

10 ಪ್ರಿಂಟ್ "ನಾ ಭಾಳ ಶಾಣ್ಯಾಕಿ"
20 ಗೋಟು 10

ಎಫ್5 ಒತ್ತಿದ ಕೂಡ್ಲೇ ಪರದೆ ತುಂಬ ಅದ ಮಾತು ಓಡಾಕತ್ತು. ನಕ್ಕು ನಕ್ಕು ನೆಲಕ್ಕ ಕುಂತ್ಲು. ಸ್ವಲ್ಪ ಹೊತ್ತಾದ ಮ್ಯಾಲ ಗಂಭೀರ ಆಗಿ "ಇದಕ್ಕ ಬ್ಯಾಸರ ಆಗಂಗಿಲ್ಲೇನು?" ಅಂತ ಕೇಳಿದ್ಲು. ಇದೇ ಹುಡುಗಿ ಮೊಬೈಲ್ ಕೊಟ್ರ ಎರಡು ತಾಸು ಬಾಯಿ ಬಿಚ್ಚಂಗಿಲ್ರಿ.

ಮನಿಯಾಕಿ "ಗುಜರಿಯಾಂವಗ ಹಾಕ್ರಿ, ಜಾಗಾ ಆಗತೈತಿ" ಅನ್ನಾಕತ್ತಾಳ. ಇದನ್ನ ಇಟ್ಕೊಂಡು ಕಲಸ್ಲೋ, ಲ್ಯಾಪ್‌ಟಾಪಿನ್ಯಾಗ ಹೊಸಾದು ಏನರ ಕಲಸ್ಲೋ? ಬಲ್ಲವ್ರು ಹೇಳ್ರಿ.

ನವನಗರ_63 (ಬಾಗಲಕೋಟೆ)
ಗುಜರಿಗೆ ಮಾತ್ರ ಹಾಕಬ್ಯಾಡ್ರಿ!! ನಮ್ಮದು ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕ ಬರೂಮುಂದ ಟ್ರಾಕ್ಟರಿನ್ಯಾಗ ಹಾಕಿದ್ದು, ಇಳಸೂಮುಂದ ಮಾನಿಟರ್ ಮಾರಿ ಮ್ಯಾಲ ಬಿತ್ತು. ಇವತ್ತಿಗೂ ಹೊಟ್ಟಿ ಉರೀತೈತಿ.

ಟಿವಿ_ರಿಪೇರಿ_ಮಾಮಾ (ಮುಧೋಳ)
ಶಹಾಪುರದಣ್ಣಾರ, ಮೊದಲ ಅದನ್ನ ಬಂದ್ ಮಾಡ್ರಿ. ಮಾತು ಆಮ್ಯಾಲ.

ಡಬ್ಬಿ ಬಿಚ್ಚಿ ಮದರ್‌ಬೋರ್ಡಿನ ಮ್ಯಾಲ ಕೀಬೋರ್ಡ್ ಸಿಗಿಸೂ ಜಾಗಾದ ಬಾಜೂಕ ನೋಡ್ರಿ. ನೀಲಿ ಇಲ್ಲಾ ಹಸರ ಬಣ್ಣದ್ದು, ಸಣ್ಣ ಡ್ರಮ್ಮಿನಂಥ ಬ್ಯಾಟರಿ ಇರತೈತಿ. 386, 486ರಾಗ ಭಾಳ ಬೋರ್ಡಿಗೆ ಅದ ಹಾಕ್ತಿದ್ರು, ನಿಕ್ಕೆಲ್ ಕ್ಯಾಡ್ಮಿಯಮ್, 3.6 ವೋಲ್ಟು. ಡಿಸ್ಕಿನ ಲೆಕ್ಕ, ತಾರೀಖು ಎಲ್ಲಾ ನೆನಪಿಡೂದು ಅದರ ಜೀವದ ಮ್ಯಾಲ. ಅದು ಸತ್ತದ್ದಕ್ಕ ನಿಮ್ಮ ಮಶೀನಿಗೆ ಮರವು. ಸತ್ರ ಚಿಂತಿಲ್ಲ, ಸೋರಿದ್ರ ಫಜೀತಿ. ಸುತ್ತ ಹಸರ ಬೂಷ್ಟು ಹಿಡದಂಗ ಕಾಣತೈತೇನು? ಕಂಡ್ರ ತಾಮ್ರದ ಗೆರಿ ತಿನ್ನಾಕತ್ತೈತಿ ಅಂತ ತಿಳೀರಿ. ಇವತ್ತ ಕತ್ತರಿಸಿ ತಗೀರಿ. ಇಯರ್‌ಬಡ್ಡಿಗೆ ಬಿಳಿ ವಿನೆಗರ್ ಹಚ್ಚಿ ಒರಸ್ರಿ, ಆಮ್ಯಾಲ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರಸಿ ಒಂದಿನ ಒಣಗಸ್ರಿ.

ಯೂಟ್ಯೂಬ್ ನೋಡಿ ಅದ ಜಾಗಾಕ್ಕ ಸೀದಾ ಬಟನ್ ಸೆಲ್ ಬೆಸುಗಿ ಹಾಕಬ್ಯಾಡ್ರಿ ಮತ್ತ. ಬೋರ್ಡು ಹಳೇ ಬ್ಯಾಟರಿಗೆ ಚಾರ್ಜ್ ಕೊಡ್ತಿರತೈತಿ, ಬಟನ್ ಸೆಲ್ಲಿಗೆ ಚಾರ್ಜ್ ಕೊಟ್ರ ಉಬ್ಬಿ ಒಡೀತೈತಿ. ಭಾಳ ಬೋರ್ಡಿನ್ಯಾಗ ಹೊರಗಿನ ಬ್ಯಾಟರಿಗಂತ 4 ಪಿನ್ನಿನ ಜಾಗಾ, ಬಾಜೂಕ ಒಂದು ಜಂಪರ್ (ಪಿನ್ನಿಗೆ ಸಿಗಿಸೂ ಸಣ್ಣ ಕೊಂಡಿ) ಇರತೈತಿ. ಅಲ್ಲಿಗೆ ಪೆನ್ಸಿಲ್ ಸೆಲ್ಲಿನ ಡಬ್ಬಿ ಹಚ್ರಿ.

ಮತ್ತ ಮಾನಿಟರ್ ಮಾತ್ರ ಬಿಚ್ಚಬ್ಯಾಡ್ರಿ. ಒಳಗ 20 ಸಾವಿರ ವೋಲ್ಟಿನ ಮ್ಯಾಲ ಇರತೈತಿ, ಪ್ಲಗ್ ತಗದ ಮ್ಯಾಲೂ ಪಿಕ್ಚರ್ ಟ್ಯೂಬು ಚಾರ್ಜ್ ಹಿಡಕೊಂಡು ಕುಂತಿರತೈತಿ. ಮನ್ಯಾಗ ಸಣ್ಣ ಹುಡುಗಿ ಐತಿ ಅಂತೀರಿ. ಅರ್ಥಿಂಗ್ ಬರೋಬ್ಬರಿ ಐತೇನು ನೋಡ್ಕೋರಿ, ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ ಮುರದು ಹಚ್ಚೂ ಚಟ ಯಾರಿಗೂ ಬ್ಯಾಡ.

ಶಹಾಪುರದಾಂವ
ಮಾಮಾ, ಬಿಚ್ಚಿದೆ. ಹಸರ ಬೂಷ್ಟು ಐತಿ, ಒಂದು ರೂಪಾಯಿ ನಾಣ್ಯದಷ್ಟು. ಕೈ ನಡಗಾಕತ್ತಾವ. ವಿನೆಗರ್ ತರಾಕ ಹೊಂಟೇನಿ.

ಬಿಜಾಪುರ_ಟು_ಬೆಂಗಳೂರು
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನೂ ವಿಜಯಪುರದವನೇ, ಹದಿನೈದು ವರ್ಷದಿಂದ ಬೆಂಗಳೂರಲ್ಲಿ ಇದೇ ಕೆಲಸ ಮಾಡ್ತಿದ್ದೀನಿ. ಇದು ನಿಮ್ಮ ಬಾಲ್ಯದ ನೆನಪು, ಮಗಳ ಕಲಿಕೆ ಅಲ್ಲ. ಎರಡನ್ನೂ ಬೆರಸ್ತಾ ಇದ್ದೀರಿ. 8 ವರ್ಷದ ಮಗುವಿಗೆ ಸ್ಕ್ರ್ಯಾಚ್ ಇದೆ. 2007ರಿಂದ ಇದೆ, ಪುಕ್ಕಟೆ ಇದೆ, ಮಕ್ಕಳಿಗಂತಲೇ ಎಂಐಟಿಯವರು ಮಾಡಿದ್ದು. ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದರೆ ಬೆಕ್ಕು ಓಡುತ್ತೆ. ದೊಡ್ಡವಳಾದ ಮೇಲೆ ಪೈಥಾನ್.

ಇನ್ನು ಗೋಟು, ಅಂದರೆ ಇಂಥ ಸಾಲಿಗೆ ಹಾರು ಅನ್ನೋ ಆಜ್ಞೆ. ಅದರ ವಿರುದ್ಧ ಹೆಸರಾಂತ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲೇ ಪತ್ರ ಬರೆದರು. 1975ರಲ್ಲಿ ಇನ್ನೂ ಖಾರವಾಗಿ, ಬೇಸಿಕ್ ಕಲಿತು ಬಂದವರಿಗೆ ಒಳ್ಳೆ ಪ್ರೋಗ್ರಾಮಿಂಗ್ ಕಲಿಸೋದು ಹೆಚ್ಚುಕಡಿಮೆ ಅಸಾಧ್ಯ ಅಂದರು. ಮೊದಲ ದಿನವೇ ಮಗುವಿಗೆ ಆ ಚಟ ಹಚ್ಚಿದ್ದೀರಿ.

ಬಾದಾಮಿ_ಮಂಗ್ಯಾ
ಬೆಂಗಳೂರಿಗೆ ಹೋಗಿ "ಇದೆ, ಇದೆ" ಅನ್ನಾಕತ್ತಾನ ನೋಡ್ರಿ ಬಿಜಾಪುರದ ಮಗಾ 😄

ಬಿಜಾಪುರ_ಟು_ಬೆಂಗಳೂರು
ಅದ, ಅದ. ಅದ ಅಂತೇನಿ, ಆತಲ್ಲ? ಈಗ ವಿಷಯಕ್ಕ ಬರ್ರಿ.

ಹಳೇ_ಫ್ಲಾಪಿ (ಬೆಳಗಾವಿ, ನಿವೃತ್ತ ಮಾಸ್ತರ)
ಬಿಜಾಪುರದ ತಮ್ಮಗ ಒಂದು ಮಾತು. ಡೈಕ್‌ಸ್ಟ್ರಾ ದೊಡ್ಡ ಮನುಷ್ಯಾ, ಕೈ ಮುಗೀತೀನಿ. ಆದ್ರ ಅವ್ರು ಮಾತಾಡಿದ್ದು ಕಾಲೇಜಿಗೆ ಬರೂ ಹುಡುಗೂರ ಬಗ್ಗೆ, ಆಗಿನ ಬೇಸಿಕ್ ಬಗ್ಗೆ. ಬೇಸಿಕ್ ಹುಟ್ಟಿದ್ದು 1964ರಾಗ, ಡಾರ್ಟ್‌ಮತ್ ಕಾಲೇಜಿನ್ಯಾಗ. ಗಣಿತ ವಿಜ್ಞಾನ ಓದದ ಹುಡುಗೂರೂ ಕಂಪ್ಯೂಟರ್ ಮುಟ್ಟಲಿ ಅಂತ ಕೆಮೆನಿ, ಕರ್ಟ್ಜ್ ಅನ್ನೋ ಇಬ್ಬರು ಗಣಿತದ ಮಾಸ್ತರು ಮಾಡಿದ್ರು.

1984-85ರಾಗ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನಾ ತಂತು, ಸಾಲಿಗೆ ಕಂಪ್ಯೂಟರ್ ಕೊಡೂದು. ಬಂದಿದ್ದು ಬಿಬಿಸಿ ಮೈಕ್ರೋ, ಇಂಗ್ಲೆಂಡಿನ ಏಕಾರ್ನ್ ಕಂಪನಿದು. ನಾ ಆಗ ಒಂದು ಹೈಸ್ಕೂಲಿನ್ಯಾಗ ವಿಜ್ಞಾನ ಹೇಳ್ತಿದ್ದೆ. ನಮ್ಮಲ್ಲಿ ಆ ಖೋಲಿಗೆ ಪಡದೆ, ಮ್ಯಾಟು, ಫ್ಯಾನು. ಹುಡುಗೂರು ಚಪ್ಪಲ್ ಹೊರಗ ಬಿಡಬೇಕು, ಗುಡಿಗೆ ಬಂದಂಗ. ಧೂಳು ಆಗಬಾರ್ದು ಅಂತ ಹೇಳ್ತಿದ್ವಿ, ಖರೇ ಅಂದ್ರ ನಮಗ ಅದರ ಅಂಜಿಕಿ.

ಹಚ್ಚಿದ್ರ ಬುಂ-ಬೀಪ್ ಅಂತಿತ್ತು, ಕಣ್ಣು ಪಿಳಕಿಸೂದ್ರಾಗ ಬೇಸಿಕ್ ತಯಾರ. ಪೂರಾ ನೆನಪು 32 ಕೆಬಿ. ಇವತ್ತು ನೀವು ಮುಂಜಾನೆ ಕಳಸೂ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಫೋಟೋ ಅದರಾಗ ಹಿಡಿಯಂಗಿಲ್ಲ. ಬರದದ್ದನ್ನ ಉಳಸಾಕ ಸಾದಾ ಕ್ಯಾಸೆಟ್. ಟೇಪ್ ರೆಕಾರ್ಡರಿನ ದನಿ ಒಂಚೂರು ಹೆಚ್ಚುಕಮ್ಮಿ ಆದ್ರ ಓದ್ತಿರಲಿಲ್ಲ, ಮತ್ತ ರಿವೈಂಡು. ಅರ್ಧಕ್ಕ ಕರೆಂಟ್ ಹೋದ್ರ ಮೊದಲಿನಿಂದ. ಅಳ್ತಿದ್ದ ಹುಡುಗೂರನ್ನ ನೋಡೀನಿ, ಬಿಟ್ಟು ಹೋದವ್ರನ್ನ ನೋಡಿಲ್ಲ.

ಆ ಬೇಸಿಕ್ಕಿನ್ಯಾಗ ಪ್ರೊಸೀಜರ್ (ಹೆಸರಿಟ್ಟು ಕರಿಯೂ ತುಣುಕು) ಇತ್ತು, ರಿಪೀಟ್-ಅಂಟಿಲ್ (ಇಂಥದ್ದು ಆಗೂತನಕ ಮತ್ತ ಮತ್ತ ಮಾಡು ಅನ್ನೂದು) ಇತ್ತು, ಗೋಟು ಇಲ್ಲದ ಬರೀಬಹುದಿತ್ತು. ಅದನ್ನ ಬರದಾಕಿ ಸೋಫಿ ವಿಲ್ಸನ್. ಆಮ್ಯಾಲ ಏಕಾರ್ನ್‌ದಾಗ ಎಆರ್‌ಎಂ ಚಿಪ್ಪಿನ ಸೂಚನಾ ಪಟ್ಟಿ ಮಾಡಿದಾಕಿನೂ ಅಕಿನ. ಮೊದಲನೇ ಎಆರ್‌ಎಂ 1985ರಾಗ ಬಂತು, ಅದನ್ನ ಹಚ್ಚಿ ನೋಡಿದ್ದು ಬಿಬಿಸಿ ಮೈಕ್ರೋಕ್ಕ ಜೋಡಿಸಿ. ತಮ್ಮಾ, ನಿನ್ನ ಕಿಸೆದಾಗಿನ ಫೋನ್ ಓಡೂದು ಆ ಮನೆತನದ ಚಿಪ್ಪಿನ ಮ್ಯಾಲ.

ಬಿಜಾಪುರ_ಟು_ಬೆಂಗಳೂರು
ಸರ್, ಸೋಫಿ ವಿಲ್ಸನ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೂ ಕ್ಯೂಬೇಸಿಕ್‌ನಲ್ಲೂ ಫಂಕ್ಷನ್ ಇದೆ, ಲೂಪ್ ಇದೆ. ಇವರು ಕಲಿಸಿದ್ದು ಗೋಟು!

ಶಹಾಪುರದಾಂವ
ಮೊದಲನೇ ದಿನ ಹೋಳಿಗಿ ಬಡಿಸ್ತಾರೇನ್ರಿ? ಗಂಜಿ ಕುಡಿಸೀನಿ.

ಟಿಳಕವಾಡಿ_ಆಯಿ
ನಾ ಒಬ್ಬಾಕಿ ತಾಯಿಯಾಗಿ ಕೇಳ್ತೀನಿ. ಹಳೇ ಪರದೆ ಆಗ್ಲಿ, ಹೊಸಾ ಪರದೆ ಆಗ್ಲಿ, ಪರದೆ ಪರದೆನ ಅಲ್ಲೇನು? ಮೊಬೈಲ್ ಬಿಡಸಾಕ ಇನ್ನೊಂದು ಡಬ್ಬಿ ಮುಂದ ಕುಂಡ್ರಸೂದು, ಚಾ ಬಿಡಸಾಕ ಕಾಫಿ ಕುಡಿಸಿದಂಗ ಆತು. ಹುಡುಗಿನ್ನ ಹೊರಗ ಆಡಾಕ ಬಿಡ್ರಿ. ಅಪ್ಪಂದಿರಿಗೆ ಆಟಿಗಿ ಸಾಮಾನು ಬೇಕಾಗಿರತೈತಿ, ಹೆಸರು ಮಾತ್ರ ಮಕ್ಕಳದು.

ನವನಗರ_63
ಕಡೀ ಮಾತು ನಮ್ಮ ಮನಿಯಾಕಿ ಓದಬಾರ್ದು.

ಇಂಡಿ_ಕಡೆ_ಅಕ್ಕೋರು
ಟಿಳಕವಾಡಿ ಅಕ್ಕಾರು ಹೇಳಿದ್ದು ಅರ್ಧ ಖರೆ ಅದ. ಅದಕ್ಕ ನಮ್ಮ ಸಾಲಿ ಕತಿ ಹೇಳ್ತೀನಿ. ನಮ್ಮದು ಸರ್ಕಾರಿ ಸಾಲಿ. ಕಂಪ್ಯೂಟರ್ 5 ಅವ, ಹುಡುಗೂರು 60ರ ಮ್ಯಾಲ, ಕರೆಂಟ್ ಬಂದಾಗ ಬರ್ತದ. ಖೋಲಿ ಕೀಲಿ ಹಾಕೇ ಇರ್ತಿತ್ತು.

ಒಂದಿನ ನಾ ಹುಡುಗೂರನ್ನ ಬಯಲಿಗೆ ಕರ್ಕೊಂಡು ಹೋದೆ. ಒಬ್ಬ ಹುಡುಗ ಆಮಿ. ಕೈಯಾಗ ಸುಣ್ಣದ ಡಬ್ಬಿ, ಅದರ ತಳಕ್ಕ ತೂತು, ನಡದಲ್ಲೆಲ್ಲ ಗೆರಿ ಬೀಳ್ತದ. ಉಳದವ್ರು ಹುಕುಂ ಕೊಡವ್ರು: ಮುಂದ 10 ಹೆಜ್ಜಿ, ಬಲಕ್ಕ 90, ಮುಂದ 10. ಇದು ನನ್ನ ತಲಿಯಾಗಿಂದ ಬಂದಿದ್ದಲ್ಲ. ಲೋಗೋ ಅಂತ ಭಾಷಾ 1967ರಾಗ ಬಂತು, ಸೇಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫೋಯರ್‌ಝೈಗ್ ಸೇರಿ ಮಕ್ಕಳಿಗಂತ ಮಾಡಿದ್ದು. ಆಮಿ ಅದಕ್ಕ ಆಮ್ಯಾಲ ಬಂತು, ನೆಲದ ಮ್ಯಾಲ ಹರದಾಡೂ ಖರೇ ಯಂತ್ರದ ಆಮಿ.

ಮೊದಲನೇ ಜಗಳ ಬಲಕ್ಕಂದ್ರ ಯಾರ ಬಲಕ್ಕ ಅಂತ. ಆಮಿ ಅವ್ರ ಕಡೆ ಮಾರಿ ಮಾಡಿದಾಗ ಇವ್ರ ಬಲಕ್ಕ ಅವ ತಿರುಗಿದ, ಗೆರಿ ಕೆಟ್ತು. ಆಮಿ ಬಲನ ಖರೆ ಬಲ ಅಂತ ಅವ್ರವ್ರೇ ತೀರ್ಮಾನ ಮಾಡಿದ್ರು. ಚೌಕ ಆತು. ತ್ರಿಕೋನ ಮಾಡ್ರಿ ಅಂದೆ. ಮೂರೂ ಕೋನ 60 ಅಂತ ಗಣಿತದಾಗ ಬಾಯಿಪಾಠ ಮಾಡ್ಯಾರಲ್ಲ, ಬಲಕ್ಕ 60 ಅಂದ್ರು. ಗೆರಿ ಕೂಡಲಿಲ್ಲ. ಬಾಯಿ ತಕ್ಕೊಂಡಂಗ ಆತು, ದೋಣಿ ಬೋರಲ ಹಾಕಿದಂಗ. ಎರಡು ದಿನ ಜಗಳಾಡಿದ್ರು. ಮೂರನೇ ದಿನ ಆರನೇತ್ತೆ ಹುಡುಗಿ ಒಬ್ಬಾಕಿ ತಾನೇ ಆಮಿ ಆಗಿ ನಡದು ನೋಡಿ "ಅಕ್ಕೋರ, ಒಳಗಿನ ಮೂಲಿ 60, ಆದ್ರ ನಾ ಹೊರಗಿನಿಂದ ತಿರುಗಬೇಕಲ್ರಿ, 120 ತಿರುಗಬೇಕು" ಅಂದ್ಲು.

ಆಮ್ಯಾಲ ಕೀಲಿ ತಗದೆ. ಕಂಪ್ಯೂಟರ್ ಎಂದೂ ಮುಟ್ಟದಾಕಿ, ಅವತ್ತ ಹೂವಿನ ಚಿತ್ರ ಮಾಡಿದ್ಲು.

ಬಾದಾಮಿ_ಮಂಗ್ಯಾ
ಅಕ್ಕೋರ 🙏🙏 ಸುಣ್ಣದ ಡಬ್ಬಿ ಲೇ!

ಟಿಳಕವಾಡಿ_ಆಯಿ
ಇದಕ್ಕ ಮಾತ್ರ ನಾ ಒಪ್ಪಿದೆ. ಇದರಾಗ ಪರದೆನ ಇಲ್ಲಲ್ಲ, ನಾ ಹೇಳಿದ್ದ ಗೆದ್ದಂಗಾತು.

ಕ್ಯಾಸೆಟ್_ಊದೂದು (ಜಮಖಂಡಿ)
486 ಎಲ್ಲಾ ಸಾವಕಾರ್ರ ಮಾತು ಬಿಡ್ರಿ. ನಮಗ ಗೊತ್ತಿದ್ದದ್ದು ಟಿವಿಗೆ ಹಚ್ಚೂ ವಿಡಿಯೋ ಗೇಮ್. 99999 ಆಟ ಅಂತ ಕ್ಯಾಸೆಟ್ಟಿನ ಮ್ಯಾಲ ಬರದಿರತಿತ್ತು, ಒಳಗ ಐದಾರ ಇರ್ತಿದ್ವು. ಓಡಲಿಲ್ಲಂದ್ರ ತಗದು ಉಫ್ ಅಂತ ಊದಿ ಹಾಕೂದು. (ಊದಿದ್ರ ಉಗುಳು ಬಿದ್ದು ಪಿನ್ ಕೆಡತಾವ ಅಂತ ಈಗ ಗೊತ್ತಾಗೇತಿ. ಮತ್ತ ಸೇರಿಸಿ ಕುಂಡ್ರಸಿದ್ದಕ್ಕ ಓಡ್ತಿತ್ತು, ಊದಿದ್ದಕ್ಕಲ್ಲ.)

ನಮ್ಮ ಮಾಮಾ ಸೊಲ್ಲಾಪುರದಿಂದ ಕೀಬೋರ್ಡ್ ಇದ್ದದ್ದು ತಂದಿದ್ದ. ನೋಡಾಕ ಕಂಪ್ಯೂಟರ್, ಒಳಗ ಅದ 8 ಬಿಟ್ಟಿನ ಗೇಮ್ ಮಶೀನ್. ಅದರ ಕ್ಯಾಸೆಟ್ಟಿನ್ಯಾಗ ಟೈಪಿಂಗ್ ಕಲಸೂ ಆಟ ಇತ್ತು, ಬೇಸಿಕ್ ಇತ್ತು. ಪುಸ್ತಕದಾಗಿನ ಮೂವತ್ತು ಸಾಲು ನೋಡಿ ಹೊಡದು ಒಂದು ಕಾರು ಆ ಕಡೆಯಿಂದ ಈ ಕಡೆ ಓಡಿಸಿದ್ದೆ. ಉಳಸೂ ವ್ಯವಸ್ಥಾ ಇರಲಿಲ್ಲ. ಅವ್ವ ಬಂದು ಧಾರಾವಾಹಿಗೆ ಟಿವಿ ಬೇಕು ಅಂತ ವೈರ್ ಕಿತ್ತಿದ್ಲು. ಮರದಿನ ಮತ್ತ ಮೂವತ್ತು ಸಾಲು. ಇವತ್ತಿಗೂ ಬಾಯಾಗ ಅದಾವ.

ಒಂದು ಕೇಳೂದಿತ್ತು, ಬಾತುಕೋಳಿ ಹೊಡಿಯೂ ಬಂದೂಕು ಇನ್ನೂ ಐತಿ, ಎಲ್‌ಇಡಿ ಟಿವಿಗೆ ಯಾಕ ನಡೆಯವಲ್ದು?

ಟಿವಿ_ರಿಪೇರಿ_ಮಾಮಾ
ನಡಿಯಂಗಿಲ್ಲ. ಕುದರಿ ಒತ್ತಿದ ಕೂಡ್ಲೇ ಆಟ ಒಂದು ಕ್ಷಣ ಪರದೆ ಪೂರಾ ಕರಿ ಮಾಡತೈತಿ, ಆಮ್ಯಾಲ ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ. ಬಂದೂಕಿನ ಮೂತಿಯಾಗ ಬೆಳಕು ನೋಡೂ ಕಣ್ಣು ಐತಿ. ಕರಿ ಆದ ಕೂಡ್ಲೇ ಬಿಳಿ ಕಂಡ್ರ ಗುರಿ ಹತ್ತಿದಂಗ. ಗುಂಡು ಬಂದೂಕಿನಿಂದ ಹೊರಗ ಹೋಗೂದಿಲ್ಲ, ಬೆಳಕ ಒಳಗ ಬರೂದು! ಹೊಸ ಟಿವಿ ಚಿತ್ರ ತಯಾರ ಮಾಡಿ ತೋರಸೂದ್ರಾಗ ತಡಾ ಆಗತೈತಿ, ಲೆಕ್ಕ ತಪ್ಪತೈತಿ. ಮತ್ತ ಆ ಕಣ್ಣು ಪಿಕ್ಚರ್ ಟ್ಯೂಬಿನ ಮಿನುಗಿಗೆ ಅಂತ ಮಾಡಿದ್ದು. ಹಳೇ ಡಬ್ಬಿ ಟಿವಿ ಸಿಕ್ರ ಇಟ್ಕೋರಿ.

ಕ್ಯಾಸೆಟ್_ಊದೂದು
ಇಷ್ಟು ವರ್ಷ ಟ್ಯೂಬ್‌ಲೈಟಿಗೆ ಹಿಡದು ಒತ್ತಿದ್ರ ಎಲ್ಲಾ ಬಾತುಕೋಳಿ ಸಾಯಬೇಕು ಅಂತ ನಮ್ಮ ಗೆಳ್ಯಾ ಹೇಳ್ತಿದ್ದ, ಸಾಯ್ತಿರಲಿಲ್ಲ. ಯಾಕಂತ ಇವತ್ತ ತಿಳೀತು, ಮೊದಲ ಕತ್ತಲಿ ಬೇಕಲ್ಲ.

ಗೋಕಾಕ_ಕರದಂಟು
ಕರೆಂಟಿನ ಮಾತಿಗೆ: ಒಂದು ಸಣ್ಣ ಯುಪಿಎಸ್ ತಗೋರಿ. ಹುಡುಗಿ ಬರದದ್ದು ಹೋದ್ರ ಮತ್ತ ಕುಂದ್ರಂಗಿಲ್ಲ.

ಬೆಳಗಾವಿ_ಕುಂದಾ
ಕರದಂಟಿನಾವ ಶಾಣ್ಯಾ ಮಾತು ಹೇಳ್ಯಾನ, ಅಪರೂಪಕ್ಕ.

ಗೋಕಾಕ_ಕರದಂಟು
ಕುಂದಾ ಎರಡು ದಿನಕ್ಕ ಹಳಸತೈತಿ. ಕರದಂಟು ನಿಮ್ಮ 486ರಂಗ, ವರ್ಷ ಇಟ್ರೂ ಹತ್ತತೈತಿ.

ಅಮೀನಗಡದಾಂವ
ಕರದಂಟು ಅಂದ್ರ ಅಮೀನಗಡ. ಮುಗೀತು.

ಬಾದಾಮಿ_ಮಂಗ್ಯಾ
ಏ ಸುರು ಆತು ನೋಡ್ರಿ. ಕಂಪ್ಯೂಟರ್, ಕಂಪ್ಯೂಟರ್!

ಶಹಾಪುರದಾಂವ
ಸುದ್ದಿ ಕೇಳ್ರಿ. ಬ್ಯಾಟರಿ ಕತ್ತರಿಸಿ ತಗದೆ, ತೊಳದು ಒಣಗಸೀನಿ. ಗೆರಿ ಎರಡು ತೆಳ್ಳಗಾಗ್ಯಾವ, ಹರದಿಲ್ಲ. ಮಾಮಾ, ನಿಮ್ಮ ಉಪಕಾರ ದೊಡ್ಡದು. ಪೆನ್ಸಿಲ್ ಸೆಲ್ಲಿನ ಡಬ್ಬಿ ಇನ್ನೂ ಹಚ್ಚಿಲ್ಲ.

ಗೊರಿಲ್ಲಾ ಆಟ ತಗದಿದ್ವಿ, ಡಾಸ್ (ಆಗಿನ ಕಂಪ್ಯೂಟರ್ ನಡಸೂ ತಂತ್ರಾಂಶ) ಕೂಡ ಬರ್ತಿತ್ತಲ್ಲ, ಎರಡು ಗೊರಿಲ್ಲಾ ಮಾಡಿ ಮ್ಯಾಲ ನಿಂತು ಬಾಳಿಹಣ್ಣು ಒಗ್ಯೂದು. ಮೊದಲ ಅದು ಗುರುತ್ವ ಎಷ್ಟು ಅಂತ ಕೇಳತೈತಿ, ಭೂಮಿದು 9.8 ಅಂತ ತಾನೇ ಹೇಳತೈತಿ. ಹಂಗಂದ್ರೇನು ಅಂದ್ಲು. ಮ್ಯಾಲ ಒಗದದ್ದು ಕೆಳಗ ಜಗ್ಗೂ ಜೋರು ಅಂದೆ. ಚಂದ್ರನ ಮ್ಯಾಲ? 1.6 ಹಾಕು ಅಂದೆ. ಬಾಳಿಹಣ್ಣು ಪರದೆ ಬಿಟ್ಟು ಹೋತು, ನಾವು ಕಾದ್ವಿ, ಕಾದ್ವಿ, ಆಮ್ಯಾಲ ಬಂದು ಅಕಿ ಗೊರಿಲ್ಲಾನ ತಲಿ ಮ್ಯಾಲ ಬಿತ್ತು! ತಾನ ಒಗದದ್ದು ತನಗ. ಅವತ್ತಿನಿಂದ ಮನ್ಯಾಗ ಏನರ ಬಿದ್ರ "ಇಲ್ಲೆ 9.8 ಐತಿ ಪಪ್ಪಾ" ಅಂತಾಳ.

ಮತ್ತ ನಮ್ಮವ್ವ ಕಸೂತಿ ಹಾಕ್ತಾಳ. ಇಳಕಲ್ ಸೀರಿಗೆ ಗೋಪುರ, ತೇರು, ಆನಿ. ಮಗಳು ಅದನ್ನ ನೋಡಿ "ಇದನ್ನ ಇದರಾಗ ಹಾಕಬಹುದೇನು?" ಅಂದ್ಲು. ನನಗ ಹೆಂಗಂತ ತಿಳೀಲಿಲ್ಲ.

ಕಸೂತಿ_ಕೈ (ಗುಳೇದಗುಡ್ಡ)
ಹಾಕಬಹುದು, ಯಾಕ ಹಾಕಬಾರ್ದು? ಕಸೂತಿ ಅಂದ್ರ ಲೆಕ್ಕ. ಬಟ್ಟಿ ಮ್ಯಾಲ ಚಿತ್ರ ಬರಕೊಳ್ಳಂಗಿಲ್ಲ, ನೂಲು ಎಣಿಸಿ ಹಾಕೂದು. ಗವಂತಿ ಹೊಲಿಗಿ ಹೋಗೂಮುಂದ ಒಂದು ಬಿಟ್ಟು ಒಂದು, ಬರೂಮುಂದ ಬಿಟ್ಟದ್ದನ್ನ ತುಂಬಕೋತ ಬರೂದು. ಗಂಟು ಹಾಕಂಗಿಲ್ಲ, ಹಿಂದಿನ ಮಗ್ಗಲಾನೂ ಮುಂದಿನಂಗ ಕಾಣಬೇಕು. ಒಂದು ಎಳಿ ತಪ್ಪಿದ್ರ ಅಲ್ಲೆ ತಿಳಿಯಂಗಿಲ್ಲ, ಸುತ್ತು ಮುಗದು ಕೂಡಬೇಕಾದಲ್ಲಿ ಕೂಡಂಗಿಲ್ಲ. ಆಗ ಬಿಚ್ಚಿಕೋತ ಹಿಂದ ಬರಬೇಕು. ಇಂಡಿ ಅಕ್ಕೋರು ತ್ರಿಕೋನ ಕೂಡಲಿಲ್ಲ ಅಂದ್ರಲ್ಲ, ಅದ.

ರಬಕವಿ_ಮಗ್ಗ
ನಮ್ಮ ಮಗ್ಗದ ಮ್ಯಾಲಿನ ಜಕಾರ್ಡೂ ಅದ ಲೆಕ್ಕ. ರಟ್ಟಿನ ಪಟ್ಟಿಗೆ ತೂತು ಇದ್ದಲ್ಲಿ ಸೂಜಿ ಹೋಗತೈತಿ, ಕೊಂಡಿ ಎದ್ದು ಹಾಸಿನ ಎಳಿ ಮ್ಯಾಲ ಬರತೈತಿ. ತೂತಿಲ್ಲಂದ್ರ ಇಲ್ಲ. ಜಕಾರ್ಡ್ ಅನ್ನೋ ಫ್ರೆಂಚ್ ಮನುಷ್ಯಾ 1804ರಾಗ ಮಾಡಿದ್ದು, ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕ ಅದ ರಟ್ಟು ಹಚ್ಚಬೇಕಂತ ಮಾಡಿದ್ದ. ಕಂಪ್ಯೂಟರ್ ನಮ್ಮ ಧಂದೇದಿಂದ ಕದ್ದಾರ, ನಮಗ ಕೂಲಿ ಮಾತ್ರ ಅಷ್ಟ ಉಳೀತು.

ಬಿಜಾಪುರ_ಟು_ಬೆಂಗಳೂರು
ಶಹಾಪುರದ ಅಣ್ಣಾರ, ಕಸೂತಿ ಹೇಗೆ ಹಾಕೋದು ನಾನು ಹೇಳ್ತೀನಿ. (ಹೌದು, ನಾನೇ.)

ಚೌಕುಳಿ ಹಾಳೆ ಮೇಲೆ 8 ಸಾಲು, 8 ಮನೆ. ತುಂಬಿದ ಮನೆ 1, ಖಾಲಿ ಮನೆ 0. ಪ್ರತಿ ಮನೆಗೂ ಒಂದು ತೂಕದ ಕಲ್ಲು ಅಂತ ಹೇಳಿ. ಎಡದಿಂದ 128, 64, 32, 16, 8, 4, 2, 1. ತುಂಬಿದ ಮನೆಯ ಕಲ್ಲುಗಳನ್ನಷ್ಟೇ ತಕ್ಕಡಿಗೆ ಹಾಕಿ ಕೂಡಿಸಬೇಕು. ಗೋಪುರದ ಕಳಸ ನಡುವಿನ ಎರಡು ಮನೆ, 16 ಮತ್ತು 8, ಒಟ್ಟು 24. ನಾನು ಮಾಡಿದ್ದು ಹೀಗಿದೆ:

24
24
60
60
126
102
231
255

102 ಮತ್ತು 231ರಲ್ಲಿ ನಡುವೆ ಖಾಲಿ ಬಿಟ್ಟಿದ್ದು ಬಾಗಿಲು. ಎಂಟು ಸಂಖ್ಯೆಯಲ್ಲಿ ಒಂದು ಗೋಪುರ. ಮಾಸ್ತರರ ಬಿಬಿಸಿ ಮೈಕ್ರೋದಲ್ಲಾದರೆ ವಿಡಿಯು 23 ಅಂತ ಬರೆದು, ಒಂದು ಅಕ್ಷರದ ನಂಬರ್ ಕೊಟ್ಟು, ಈ ಎಂಟನ್ನೂ ಕೊಟ್ಟರೆ ಅದೇ ಒಂದು ಹೊಸ ಅಕ್ಷರ ಆಗುತ್ತೆ. ಕ್ಯೂಬೇಸಿಕ್‌ನಲ್ಲಿ ಡೇಟಾ ಸಾಲಿನಲ್ಲಿಟ್ಟು ಒಂದೊಂದಾಗಿ ಓದಿ ಚುಕ್ಕೆ ಇಡಬೇಕು. ಮಗಳಿಗೆ ಮೊದಲು ಅಷ್ಟು ಬೇಡ. ಆಲ್ಟ್ ಒತ್ತಿ ಹಿಡಿದು ನಂಬರ್ ಪ್ಯಾಡಿನಲ್ಲಿ 219 ಹೊಡೆದರೆ ತುಂಬಿದ ಚೌಕ ಬರುತ್ತೆ. ಪ್ರಿಂಟ್ ಸಾಲಿನಲ್ಲಿ ಅದು ಮತ್ತು ಖಾಲಿ ಜಾಗ ಎಣಿಸಿ ಹಾಕಲಿ. ಎಣಿಸೋದು ಅಜ್ಜಿ ಕಲಿಸ್ತಾರೆ.

ಬಾದಾಮಿ_ಮಂಗ್ಯಾ
ಯಾರೋ ಬೇಸಿಕ್ ಕಲತ್ರ ತಲಿ ಕೆಡತೈತಿ ಅಂದಿದ್ರಪ್ಪ. ಹೆಸರು ನೆನಪಾಗವಲ್ದು.

ಛಾಪಖಾನಿ (ಬಾಗಲಕೋಟೆ)
ಹುಡುಗಿ ತನ್ನ ಹೆಸರು ಕನ್ನಡದಾಗ ಬರೀಬೇಕಂದ್ರ ಏನ್ ಮಾಡ್ತೀರಿ? ಡಾಸ್‌ದಾಗ ಕನ್ನಡ ಇಲ್ಲ. ನಾವು ಛಾಪಖಾನಿಯಾಗ ಪುಣೆಯ ಸರ್ಕಾರಿ ಕಂಪ್ಯೂಟರ್ ಸಂಸ್ಥೆ ಸಿಡಾಕ್‌ದವ್ರ ಜಿಸ್ಟ್ ಕಾರ್ಡ್ ಹಾಕಿಸಿದ್ವಿ, ಮದರ್‌ಬೋರ್ಡಿನ ಸ್ಲಾಟಿಗೆ ಸಿಗಿಸೂದು. ಆಗ ಡಾಸ್‌ದಾಗೂ ಕನ್ನಡ ಮೂಡ್ತಿತ್ತು. ಮೊದಲನೇ ಸಲ "ಶ್ರೀ" ಬಂದಾಗ ನಮ್ಮ ಮಾಲಕ್ರು ಮಾನಿಟರಿಗೆ ಕುಂಕುಮ ಹಚ್ಚಿದ್ರು. ಕೆ.ಪಿ. ರಾಯರ ಕನ್ನಡ ಕೀಲಿಮಣೆ, ನುಡಿ, ಬರಹ ಅನ್ನೋ ಕನ್ನಡ ತಂತ್ರಾಂಶ ಎಲ್ಲಾ ನಾವು ವಿಂಡೋಸಿಗೆ ಹೋದ ಮ್ಯಾಲ ಕಂಡದ್ದು.

ಹಳೇ_ಫ್ಲಾಪಿ
ಗೋಪುರ ಬಂದಂಗ ಅಕ್ಷರನೂ ಬರತೈತಿ. ಚೌಕುಳಿ 8 ಸಾಲಂಗಿಲ್ಲ, 16 ತಗೋರಿ. "ಅ" ಬರಸ್ರಿ. "ಣ" ಕಡೀಕ್ ಇಡ್ರಿ, ಅದರ ಸುರುಳಿ ದೊಡ್ಡವ್ರನ್ನೂ ಅಳಸತೈತಿ.

ಹೊಸಬ_ತಾಳಿಕೋಟಿ
ನಮ್ಮನ್ಯಾಗ ಹಳೇ ಮಶೀನ್ ಇಲ್ಲ, ಲ್ಯಾಪ್‌ಟಾಪ್ ಅದ. ನಾವೇನು ಮಾಡಬೇಕ್ರಿ?

ಬಿಜಾಪುರ_ಟು_ಬೆಂಗಳೂರು
ಹಳೆ ಮಶೀನ್ ಹುಡುಕ್ಕೊಂಡು ಅಲೀಬೇಡಿ, ದುಡ್ಡೂ ಹಾಕಬೇಡಿ. ಡಾಸ್‌ಬಾಕ್ಸ್ ಅಂತ ಪುಕ್ಕಟೆ ತಂತ್ರಾಂಶ ಇದೆ, ಹಳೆ ಡಾಸ್ ಆಟಗಳು ಅದರಲ್ಲಿ ಓಡ್ತವೆ. ಜಿಡಬ್ಲ್ಯೂ-ಬೇಸಿಕ್ (ಕ್ಯೂಬೇಸಿಕ್‌ಗಿಂತ ಮೊದಲಿನದು) ಥರದ್ದು ಬೇಕಾದರೆ ಪಿಸಿ-ಬೇಸಿಕ್, ಕ್ಯೂಬೇಸಿಕ್ ಥರದ್ದಕ್ಕೆ ಕ್ಯೂಬಿ64. ಜಿಡಬ್ಲ್ಯೂ-ಬೇಸಿಕ್‌ನ ಮೂಲ ಕೋಡನ್ನೇ ಮೈಕ್ರೋಸಾಫ್ಟ್ 2020ರ ಮೇ ತಿಂಗಳಲ್ಲಿ ಬಿಟ್ಟುಕೊಟ್ಟಿದೆ. ಪರದೆ ಪೂರ್ತಿ ತುಂಬಿಸಿ, ಇಂಟರ್ನೆಟ್ ಬಂದ್ ಮಾಡಿ. ಅದು ಮುಖ್ಯ. ಪಕ್ಕದಲ್ಲಿ ಯೂಟ್ಯೂಬ್ ಇದ್ದರೆ ಮಿಣಮಿಣ ಗೀಟನ್ನ ಯಾವ ಮಗುವೂ ನೋಡಲ್ಲ.

ಹೇಳೋದು ಮರೆತೆ. ಮೊನ್ನೆ ಊರಿಗೆ ಹೋದಾಗ ಅಕ್ಕನ ಮಗನಿಗೆ ಇದನ್ನೇ ಹಾಕಿಕೊಟ್ಟೆ, 9 ವರ್ಷ. ಅವತ್ತೇ ಗೋಳಗುಮ್ಮಟಕ್ಕೆ ಹೋಗಿ ಕೂಗಿ ಬಂದಿದ್ದ. ಗುಮ್ಮಟ ಮಾಡೋಣ ಅಂದ. ನಾವು ಹೆಸರು ಹೊಡೆದರೆ ಏಳು ಸಲ ತಿರುಗಿ ಹೇಳಬೇಕು. ಫಾರ್ ಲೂಪ್ (ಇಷ್ಟು ಸಲ ಮಾಡು ಅನ್ನೋ ಆಜ್ಞೆ), 1ರಿಂದ 7, ಆಯ್ತು. "ಮಾಮಾ, ಹಿಂಗಲ್ಲ, ಅದು ಸಣ್ಣ ಆಕ್ಕೋತ ಹೋಗ್ತದ" ಅಂದ. ಒಂದೊಂದು ಸಲಕ್ಕೆ ಮುಂದಿನ ಒಂದೊಂದು ಅಕ್ಷರ ಕತ್ತರಿಸಿದ್ವಿ. ಕಡೆಗೆ ಬಾಲ ಮಾತ್ರ ಉಳೀತದ, ಥೇಟ್ ಗುಮ್ಮಟದ ಹಾಂಗ. ಗೋಟು ಬಳಸಿಲ್ಲ, ದಾಖಲೆಗೆ ಇರಲಿ.

ಇಂಡಿ_ಕಡೆ_ಅಕ್ಕೋರು
ಊರಿನ ಮಾತು ಬಂತು ನೋಡ್ರಿ, "ಉಳೀತದ"!

ಟಿಳಕವಾಡಿ_ಆಯಿ
ಎಲ್ಲಾ ಓದೀನಿ. ದಿನಕ್ಕ ಎಷ್ಟು ಹೊತ್ತು ಕುಂಡ್ರಸ್ತೀರಿ ಅಂತ ಇನ್ನೂ ಯಾರೂ ಹೇಳಿಲ್ಲ.

ಶಹಾಪುರದಾಂವ
ಅಕ್ಕಾರ, ಅರ್ಧ ತಾಸು. ನಾ ಬಾಜೂಕ ಇದ್ದಾಗಷ್ಟ. ಅರ್ಧ ತಾಸಿನ ಮ್ಯಾಲ ಆ ಮಾನಿಟರ್ ನನ್ನ ಕಣ್ಣಿಗೇ ಉರಿ ಹಚ್ಚತೈತಿ.

ಮೂರು ವಾರದ ಸುದ್ದಿ. ಅವ್ವ ಮತ್ತ ಮೊಮ್ಮಗಳು ಕೂಡಿ ಗೋಪುರ ಹಾಕಿದ್ರು. ಮೊದಲನೇದು ಒಂದು ಮಗ್ಗಲಾ ವಾಲಿತ್ತು. ಅವ್ವಗ ಕಂಪ್ಯೂಟರ್ ಗೊತ್ತಿಲ್ಲ, ಚಷ್ಮಾ ಏರಿಸಿ ಪರದೆ ಮ್ಯಾಲ ಬೆರಳಿಟ್ಟು ಎಣಿಸಿ "ಮೂರನೇ ಸಾಲಿನ್ಯಾಗ ಒಂದು ಎಳಿ ಕಡಿಮಿ ಬಿಟ್ಟೀಯವಾ" ಅಂದ್ಲು. ಬರೋಬ್ಬರಿ ಅದ ತಪ್ಪು, ಒಂದು ಖಾಲಿ ಜಾಗಾ ಕಡಿಮಿ ಬಿದ್ದಿತ್ತು. ಈಗ ಆನಿ ಹಾಕಾಕತ್ತಾರ, ಸೊಂಡಿ ಎಂಟು ಮನ್ಯಾಗ ಹಿಡಿಯವಲ್ದು, ಜಗಳ ನಡದೈತಿ. ಮನಿಯಾಕಿ ಗುಜರಿ ಮಾತು ಬಿಟ್ಟಾಳ, ಆದ್ರ ಮಶೀನ್ ಹಾಲಿನಿಂದ ದೇವರ ಖೋಲಿ ಬಾಜೂಕಿನ ಮೂಲಿಗೆ ಹೋಗೇತಿ.

ಪೆನ್ಸಿಲ್ ಸೆಲ್ಲಿನ ಡಬ್ಬಿ ನಿನ್ನೆ ಹಚ್ಚಿದೆ. ಡಿಸ್ಕ್ ಈಗ ಮರಿಯಂಗಿಲ್ಲ. ತಾರೀಖೂ ಸರಿ ಮಾಡಾಕ ಹೋದೆ, ಮಗಳು ಕೈ ಹಿಡದ್ಲು. ಅಕಿ ಗೋಪುರದ ಫೈಲಿನ ಬಾಜೂಕ 1-1-1980 ಅಂತ ಬಿದ್ದೈತಿ. "ನೀ ಹುಟ್ಟೂಕಿಂತ ಮೊದಲ ನಾ ಇದನ್ನ ಮಾಡೀನಿ, ಇರಲಿ" ಅಂತಾಳ. ನಾ ಹುಟ್ಟಿದ್ದು 1983ರಾಗ್ರಿ. ಲೆಕ್ಕ ಹಚ್ಚಿ ಹೇಳ್ಯಾಳ.

ಟಿವಿ_ರಿಪೇರಿ_ಮಾಮಾ
ಸೆಲ್ಲು ಸೋರ್ತಾವ, ವರ್ಷಕ್ಕೊಮ್ಮೆ ತಗದು ನೋಡ್ರಿ.